ಸೇತುವೆ ಕಂಬದ ಏಳು ಗೆರೆ

ಏಪ್ರಿಲ್ 3

ಪ್ರೀತಿಯ ಗುಬ್ಬಿಗೆ ನಿನ್ನ ಮಾವ ಬರೆಯುವುದು,

ನಾನು ಚೆನ್ನಾಗಿದ್ದೇನೆ. ನಿನ್ನ ಅಮ್ಮ ನನಗಿಂತ ಚೆನ್ನಾಗಿದ್ದಾಳೆ. ಅವಳ ನಾಲಿಗೆ ನಮ್ಮಿಬ್ಬರಿಗಿಂತಲೂ ಚೆನ್ನಾಗಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನನ್ನ ಎಡಗಿವಿ ಹೋಗಿ ನಾಲ್ಕು ವರ್ಷವಾಯಿತು, ಬಲಗಿವಿ ಅದರ ಹಿಂದೆಯೇ ಹೊರಟಿದೆ. ಫೋನಿನಲ್ಲಿ ನಾನು ಹೇಳುವುದು ಮಾತ್ರ ಆಗುತ್ತದೆ, ಕೇಳುವುದು ಆಗುವುದಿಲ್ಲ. ಕಿವಿ ನೆಟ್ಟಗಿದ್ದಾಗಲೂ ಹಾಗೇ ಇತ್ತು ಎಂದು ನಿನ್ನ ಅಮ್ಮನ ಅಭಿಪ್ರಾಯ.

ಗುಬ್ಬಿ, ನಿನ್ನ ಮಾವ ಒಬ್ಬ ಕಳ್ಳನನ್ನು ಹಿಡಿದಿದ್ದಾನೆ.

ಹಳ್ಳಕ್ಕೂ ಕೆಳಬೀದಿಗೂ ನಡುವೆ ನಿಮ್ಮ ಕಚೇರಿಯವರು ತಡೆಗೋಡೆ ಕಟ್ಟಿಸುತ್ತಿದ್ದಾರಲ್ಲ, ಅದರ ನಕ್ಷೆ ಬರೆದವಳು ನೀನು. ಗೋಡೆಯ ತಲೆ ಸೇತುವೆ ಕಂಬದ ಮೇಲಿನ ಹದಿನೈದನೇ ಅಡಿಗೆ ಸಮವಾಗಿ ಬರುತ್ತದೆ ಎಂದು ಹೋದ ಪತ್ರದಲ್ಲಿ ನೀನೇ ಬರೆದಿದ್ದೆ. ಆ ಕಂಬದ ಅಡಿಗಳನ್ನು ಬರೆದವನು ನಾನು. ಬೋರ್ಡು ಬರೆಯುವುದು ನನ್ನ ಕಸುಬಾದರೆ, ಇಪ್ಪತ್ತೆರಡು ವರ್ಷದಿಂದ ಮಳೆಗಾಲದಲ್ಲಿ ಪ್ರತಿದಿನ ಬೆಳಿಗ್ಗೆ ನೀರು ಎಷ್ಟನೇ ಅಂಕಿಗೆ ಬಂತೆಂದು ನೋಡಿ ನಿಮ್ಮ ಕಚೇರಿಗೆ ಬರೆದು ಕಳಿಸುವುದು ನನ್ನ ಹೆಮ್ಮೆ. ನನ್ನ ಅಂಕಿಗಳು ಓಡುವ ಬಸ್ಸಿನಿಂದಲೂ ಕಾಣುತ್ತವೆ. ಬೇಕಾದರೆ ಡ್ರೈವರನ್ನು ಕೇಳು.

ನಿನ್ನೆ ಕಂಬದ ಬಣ್ಣ ನೋಡಲು ಸೇತುವೆಯ ಕೆಳಗೆ ಇಳಿದಿದ್ದೆ. ಒಂದು ಕಣ್ಣು ಮುಚ್ಚಿ, ಆ ಕಡೆ ಕಟ್ಟಿ ಮುಗಿಸಿದ ಗೋಡೆಯನ್ನೂ ಈ ಕಡೆ ನನ್ನ ಅಂಕಿಯನ್ನೂ ಒಂದೇ ಸಾಲಿಗೆ ತಂದೆ. ಗೋಡೆಯ ತಲೆ ಎಲ್ಲಿಗೆ ಬಂತು ಹೇಳು. ಹನ್ನೊಂದೂವರೆಗೆ. ಕಂಟ್ರಾಕ್ಟರ್ ಮೂರೂವರೆ ಅಡಿ ಗೋಡೆಯನ್ನು ನುಂಗಿ ನೀರು ಕುಡಿದಿದ್ದಾನೆ.

ಮೇಸ್ತ್ರಿಯ ಹತ್ತಿರ ಹೋದೆ.

"ಮೇಸ್ತ್ರಿ, ನಿಮ್ಮ ಗೋಡೆ ಕುಳ್ಳಗಾಯ್ತಲ್ಲ."

"ನಕ್ಷೆ ಹೇಗಿದೆಯೋ ಹಾಗೆ ಕಟ್ಟಿದೀವಿ. ನಿಮ್ಮ ಬೋರ್ಡು ನೀವು ಬರೀರಿ, ನಮ್ಮ ಗೋಡೆ ನಾವು ಕಟ್ತೀವಿ."

"ನನ್ನ ಬೋರ್ಡಲ್ಲಿ ಒಂದಕ್ಷರ ಕಮ್ಮಿ ಆದ್ರೆ ಜನ ನಗ್ತಾರೆ. ನಿಮ್ಮ ಗೋಡೆ ಕಮ್ಮಿ ಆದ್ರೆ ಜನ ಮುಳುಗ್ತಾರೆ."

ಈ ಮಾತು ಹೇಗಿತ್ತು? ನಾನೇ ಅಲ್ಲೇ ಕಟ್ಟಿದ್ದು. ಅವನು ಬೀಡಿ ಹಚ್ಚಲು ಆ ಕಡೆ ತಿರುಗಿದಾಗ ಗೋಡೆ ನೆಟ್ಟಗಿದೆಯೇ ಎಂದು ನೋಡುವ ಅವನ ತೂಗುಗುಂಡನ್ನು ಜೇಬಿಗೆ ಇಳಿಸಿಕೊಂಡು ಬಂದೆ. ಗುಂಡಿಲ್ಲದೆ ಗೋಡೆ ಹೇಗೆ ಏಳುತ್ತದೋ ನೋಡೋಣ.

ಕಳ್ಳನನ್ನು ಹಿಡಿದವನು ಯಾರೆಂದು ನಿಮ್ಮ ಸಾಹೇಬರು ಕೇಳಿದರೆ ನಾಚಿಕೊಳ್ಳಬೇಡ, ಹೇಳು.

ನಿನ್ನ ಮಾವ


ಏಪ್ರಿಲ್ 11

ಮಾವ,

ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ನಗು ನಿಂತಿತು. ಅದು ನನ್ನ ಸಹಿ ಇರುವ ಮೊದಲ ಗೋಡೆ. ಕಂಟ್ರಾಕ್ಟರ್ ಪ್ರತಿ ವಾರ ಅಳತೆ ಕಳಿಸಿದ್ದಾನೆ. ನಿಮ್ಮ ಮೊದಲ ವರ್ಷದ ಅಂಕಿಗೆ ಸರಿಯಾಗಿ ಸೇತುವೆಯ ತುದಿಯಲ್ಲಿ ನೆಟ್ಟ ಮಟ್ಟದ ಕಲ್ಲಿನಿಂದ ಅಳೆದ ಲೆಕ್ಕ ಅದು. ಅದರಲ್ಲಿ ತಪ್ಪಿರುವಂತೆ ಕಾಣುವುದಿಲ್ಲ. ಆದರೂ ನೀವು ಸುಮ್ಮನೆ ಬರೆಯುವವರಲ್ಲ. ನಿಮ್ಮ ಇಪ್ಪತ್ತೆರಡು ವರ್ಷದ ಅಂಕಿಗಳ ಮೇಲೆಯೇ ಈ ಗೋಡೆ ನಿಂತಿರುವುದು. ಹೋದ ತಿಂಗಳ ಸಭೆಯಲ್ಲಿ, ಜಿಲ್ಲೆಯ ಹನ್ನೆರಡು ಹಳ್ಳಗಳಲ್ಲಿ ಅತಿ ಸಾಧು ಹಳ್ಳ ನಮ್ಮೂರಿನದು, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಎಂಟು ದಾಟಿಲ್ಲ ಎಂದು ನಾನೇ ಹೇಳಿದ್ದೆ.

ಮುಂದಿನ ವಾರ ಸರ್ವೇಯರ್ ಬರುತ್ತಾರೆ. ಹಿರಿಯರು, ಮಾತು ಕಡಿಮೆ. ಅವರ ಹತ್ತಿರ ನಿಮ್ಮ ಪ್ರತಾಪ ಸ್ವಲ್ಪ ಕಡಿಮೆ ಮಾಡಿ. ಮೇಸ್ತ್ರಿಯ ಗುಂಡನ್ನು ದಯವಿಟ್ಟು ವಾಪಸು ಕೊಡಿ.

ನಿಮ್ಮ ಗುಬ್ಬಿ


ಏಪ್ರಿಲ್ 20

ಪ್ರೀತಿಯ ಗುಬ್ಬಿಗೆ,

ನಿಮ್ಮ ಸರ್ವೇಯರ್ ಬಂದು ಹೋದರು. ಮನುಷ್ಯ ಒಣಗಿದ ಕಡ್ಡಿಯಂತಿದ್ದರೂ ಕಣ್ಣು ಚುರುಕು. ಮೂರು ಕಾಲಿನ ಯಂತ್ರ ನಿಲ್ಲಿಸಿ ಗೋಡೆ ನೋಡಿದರು, ಕಲ್ಲು ನೋಡಿದರು, ಮತ್ತೆ ಗೋಡೆ ನೋಡಿದರು.

"ಗೋಡೆ ಸರಿಯಾಗಿದೆ," ಅಂದರು.

"ಹಾಗಾದ್ರೆ ನನ್ನ ಕಣ್ಣು ಸುಳ್ಳಾ ಸ್ವಾಮಿ?"

ಆಗ ಯಂತ್ರವನ್ನು ನನ್ನ ಕಂಬದ ಕಡೆ ತಿರುಗಿಸಿದರು. ಬಹಳ ಹೊತ್ತು ನೋಡಿದರು. ಗಾಜು ಒರೆಸಿಕೊಂಡು ಮತ್ತೆ ನೋಡಿದರು.

"ಈ ಅಂಕಿ ಬರೆದೋರು ಯಾರು?"

"ನಾನೇ. ಇಂಥ ಎಂಟನ್ನ ಬರೆಯೋ ಇನ್ನೊಂದು ಕೈ ಜಿಲ್ಲೆಯಲ್ಲಿದ್ರೆ ತೋರಿಸಿ."

"ಮೊದಲಿಂದ್ಲೂ ಇದೇ ಜಾಗದಲ್ಲಿದ್ವಾ?"

ಇಂಥ ಪ್ರಶ್ನೆ ಕೇಳುವವರಿಗಾಗಿ ನಾನು ಎಷ್ಟು ವರ್ಷದಿಂದ ಕಾದಿದ್ದೆ. ಕೂರಿಸಿ ಹೇಳಿದೆ. ಮೊದಲ ವರ್ಷ ಹಳ್ಳದ ತಳದಲ್ಲಿ ಒಂದು ದಪ್ಪ ಕೆಂಪು ಗೆರೆ ಎಳೆದು, ಅಲ್ಲಿಂದ ಮೇಲೆ ಒಂದು ಎರಡು ಮೂರು ಎಂದು ಅಡಿ ಬರೆದೆ. ಮೂರು ವರ್ಷ ಕಳೆದ ಮೇಲೆ ನೋಡಿದರೆ ಹೂಳು ಅರ್ಧ ಅಡಿ ಏರಿ ನನ್ನ ಬುಡದ ಗೆರೆಯನ್ನೇ ನುಂಗಿಬಿಟ್ಟಿದೆ. ಬುಡವಿಲ್ಲದ ಅಳತೆ ಎಂಥ ಅಳತೆ? ನಾನು ಓದಿದ್ದು ಏಳನೇ ಕ್ಲಾಸೇ ಇರಬಹುದು, ಆದರೆ ನಮ್ಮ ಮೇಷ್ಟ್ರು ಬೆರಳ ಗಂಟಿಗೆ ಹೊಡೆದು ಕಲಿಸಿದ್ದರು: ಅಳತೆಕೋಲಿನ ಬುಡ ಯಾವತ್ತೂ ನೆಲಕ್ಕೆ ತಾಗಿರಬೇಕು. ಅದಕ್ಕೇ ಮೇಲಿನ ಅಂಕಿಗಳನ್ನೆಲ್ಲ ಕೆರೆದು ತೆಗೆದು, ಹೊಸ ನೆಲದಿಂದ ಮತ್ತೆ ಬರೆದೆ. ಅಲ್ಲಿಂದ ಮುಂದೆ ಹೂಳು ಅರ್ಧ ಅಡಿ ಏರಿದಾಗಲೆಲ್ಲ ಅಂಕಿಗಳನ್ನೂ ಅರ್ಧ ಅಡಿ ಏರಿಸುತ್ತ ಬಂದಿದ್ದೇನೆ.

ನಿಮ್ಮ ಸರ್ವೇಯರ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕಲ್ಲಿನ ಮೇಲೆ ಕುಳಿತುಬಿಟ್ಟರು.

"ಯಾರಿಗೂ ಹೇಳ್ಲಿಲ್ವಾ?"

"ಕೇಳಲೇ ಇಲ್ವಲ್ಲ ಯಾರೂ."

ಚಹಾ ತರಿಸಿದೆ, ಮುಟ್ಟಲಿಲ್ಲ. ಬುದ್ಧಿವಂತಿಕೆ ಕಂಡು ಬಾಯಿ ಕಟ್ಟಿಹೋದವರನ್ನು ನಾನು ಮೊದಲೂ ನೋಡಿದ್ದೇನೆ, ಆದರೆ ಇಷ್ಟೊಂದು ಕಟ್ಟಿಹೋದದ್ದನ್ನು ನೋಡಿರಲಿಲ್ಲ. ಗೋಡೆಯ ವಿಷಯ ಅವರೇ ಮರೆತರು ನೋಡು.

ನಿನ್ನ ಮಾವ


ಏಪ್ರಿಲ್ 27

ಮಾವ,

ಅಂಕಿಗಳನ್ನು ಯಾವ ಯಾವ ವರ್ಷ ಏರಿಸಿದಿರಿ, ಪ್ರತಿ ಸಲ ಎಷ್ಟು, ಒಟ್ಟು ಎಷ್ಟು ಸಲ. ಇಷ್ಟನ್ನು ಈ ಪತ್ರ ತಲುಪಿದ ದಿನವೇ ಬರೆದು ಹಾಕಿ. ಕತೆ ಬೇಡ, ಅಂಕಿ ಮಾತ್ರ.

ಗುಬ್ಬಿ


ಮೇ 4

ಪ್ರೀತಿಯ ಗುಬ್ಬಿಗೆ,

ಪತ್ರ ಇಷ್ಟು ಚಿಕ್ಕದಾಗಿದ್ದಕ್ಕೆ ಕಾರಣ ನನಗೆ ಗೊತ್ತು. ಸಾಹೇಬರು ಪಕ್ಕದಲ್ಲೇ ನಿಂತು ಬರೆಸಿದ್ದಾರೆ. ನನ್ನ ವಿಧಾನವನ್ನು ಪುಸ್ತಕದಲ್ಲಿ ಹಾಕುತ್ತಾರೋ ಏನೋ. ಹಾಕಲಿ, ನನ್ನ ಅಡ್ಡಿಯಿಲ್ಲ.

ಪ್ರತಿ ಸಲದ ತಾರೀಖನ್ನು ಆಯಾ ಪೇಂಟ್ ಡಬ್ಬದ ಮುಚ್ಚಳದ ಮೇಲೆ ಬರೆದಿಟ್ಟಿದ್ದೇನೆ. ಮುಚ್ಚಳಗಳನ್ನೆಲ್ಲ ಕೆಳಗಿಳಿಸಿ ಎಣಿಸಿದೆ. ಒಟ್ಟು ಏಳು. ಮೊದಲನೆಯದು ಮೂರನೇ ವರ್ಷ, ಕೊನೆಯದು ಹೋದ ಬೇಸಿಗೆಯಲ್ಲಿ, ಮಿಕ್ಕವು ಸುಮಾರು ಮೂರು ಮೂರು ವರ್ಷಕ್ಕೊಮ್ಮೆ. ಸಲಕ್ಕೆ ಅರ್ಧ ಅಡಿ, ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.

ನೀನು ಕತೆ ಬೇಡ ಎಂದರೂ ಒಂದು ಹೇಳಿಬಿಡುತ್ತೇನೆ. ಕೆಳಬೀದಿಯಲ್ಲಿ ನನ್ನ ಸ್ನೇಹಿತ, ವಾಚ್ ರಿಪೇರಿ ಅಂಗಡಿಯವನು, ನಾಲ್ಕೈದು ವರ್ಷದಿಂದ ಒಂದೇ ಹಾಡು ಹಾಡುತ್ತಿದ್ದಾನೆ. "ನೀರು ವರ್ಷ ವರ್ಷ ಹತ್ರ ಬರ್ತಿದೆ ಕಣೋ. ಹೋದ ವರ್ಷ ನನ್ನ ಅಂಗಡಿ ಮೆಟ್ಟಿಲು ನೆಕ್ಕಿ ಹೋಯ್ತು." ನಾನು ಪುಸ್ತಕ ತೆಗೆದು ತೋರಿಸಿದೆ. ಇಪ್ಪತ್ತೆರಡು ವರ್ಷದ ಹಿಂದೆ ಏಳೂವರೆ, ಹೋದ ವರ್ಷವೂ ಏಳೂವರೆ. "ನೀರು ಅಲ್ಲೇ ಇದೆ, ನಿಮ್ಮ ಬೀದಿ ಕುಸೀತಾ ಇದೆ," ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ, ಪಾಪ.

ನಿನ್ನ ಮಾವ


ಮೇ 9

ಮಾವ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ನಿಧಾನವಾಗಿ ಓದಿ.

ಕಂಟ್ರಾಕ್ಟರ್ ಕದ್ದಿಲ್ಲ. ಗೋಡೆ ನಾನು ಹೇಳಿದಷ್ಟೇ ಇದೆ. ಮೂರೂವರೆ ಅಡಿ ಹೋಗಿರುವುದು ನಿಮ್ಮ ಕಂಬದಲ್ಲಿ. ಏಳು ಸಲ, ಅರ್ಧರ್ಧ ಅಡಿ.

ನೀವು ಅಳೆದದ್ದು ನೀರಿನ ಆಳ. ನಮಗೆ ಬೇಕಾಗಿದ್ದು ನೀರಿನ ತಲೆ ಎಷ್ಟು ಎತ್ತರಕ್ಕೆ ಬಂತು ಎನ್ನುವುದು. ಒಬ್ಬ ಮನುಷ್ಯ ಸ್ಟೂಲು ಹತ್ತಿ ನಿಂತರೆ ಅವನ ಉದ್ದ ಅಷ್ಟೇ ಇರುತ್ತದೆ, ತಲೆ ಮಾತ್ರ ಸೂರಿಗೆ ತಾಗುತ್ತದೆ. ನಮ್ಮ ಹಳ್ಳ ಇಪ್ಪತ್ತೆರಡು ವರ್ಷ ಹೂಳಿನ ಸ್ಟೂಲು ಹತ್ತುತ್ತ ಬಂದಿದೆ. ನೀವು ಅದರ ಉದ್ದ ಬರೆದು ಕಳಿಸಿದಿರಿ, ನಾನು ಅದನ್ನು ತಲೆ ಎಂದು ಓದಿದೆ. ಬೀದಿ ಕುಸಿದಿಲ್ಲ ಮಾವ. ವಾಚಿನವರು ಹೇಳಿದ್ದೇ ನಿಜ.

ನಿಮ್ಮ ಅಂಕಿಗಳನ್ನು ಇಟ್ಟುಕೊಂಡು, ಎಂಥ ಮಳೆ ಬಂದರೂ ನೀರು ಹದಿಮೂರು ದಾಟುವುದಿಲ್ಲ ಎಂದು ಲೆಕ್ಕ ಹಾಕಿದೆ. ಮೇಲೆ ಎರಡಡಿ ಸೇರಿಸಿ ಹದಿನೈದಕ್ಕೆ ಗೋಡೆ ಬರೆದೆ. ಈಗ ಮೂರೂವರೆ ಕೂಡಿಸಿ ನೋಡಿದರೆ ದೊಡ್ಡ ಮಳೆಗೆ ನೀರು ಹದಿನಾರೂವರೆ ಮುಟ್ಟುತ್ತದೆ. ಗೋಡೆಯನ್ನು ಹಾರಿ ಬರುತ್ತದೆ. ಕೆಳಬೀದಿಯ ನೆಲ ಹನ್ನೊಂದರಲ್ಲಿದೆ. ಅಂದರೆ ಬೀದಿಯಲ್ಲಿ ಐದೂವರೆ ಅಡಿ ನೀರು. ಅಮ್ಮನ ಎತ್ತರ ಐದು ಅಡಿ ಒಂದು ಅಂಗುಲ.

ಮೇಲಧಿಕಾರಿಗಳಿಗೆ ಮೊನ್ನೆ ಹೇಳಿದೆ. ಈ ಪಾಯದ ಮೇಲೆ ಗೋಡೆ ಎತ್ತರಿಸಲು ಬರುವುದಿಲ್ಲ. ಸೇತುವೆಯ ಕೆಳಗಿನ ಹೂಳು ತೆಗೆಯಲು ಒಂದು ಯಂತ್ರ ಕಳಿಸುತ್ತಾರೆ, ಮಳೆಗೆ ಮುಂಚೆ ಅರ್ಧ ಕೆಲಸವಾದರೆ ಹೆಚ್ಚು. ಜನರಿಗೆ ನೋಟಿಸು ಕೊಡುವುದಕ್ಕೆ ಮುಂಚೆ ಇನ್ನೊಂದು ಸಲ ಪರಿಶೀಲಿಸಬೇಕಂತೆ. ಅದಕ್ಕೆ ಎಷ್ಟು ದಿನವೋ ಗೊತ್ತಿಲ್ಲ.

ನೀವು ಕಾಯಬೇಡಿ. ಕೆಳಬೀದಿಯ ನಲವತ್ತೆರಡು ಮನೆಗೂ ಹೋಗಿ ಹೇಳಿ. ಅಮ್ಮನಿಗೆ ಮೊದಲು. ನೀವು ಹೇಳಿದರೆ ನಂಬುತ್ತಾರೆ, ಅಂಕಿ ನಿಮ್ಮದು.

ಗುಬ್ಬಿ


ಮೇ 30

ಮಾವ,

ಮೂರು ವಾರವಾಯಿತು, ಒಂದು ಸಾಲೂ ಇಲ್ಲ. ನಿನ್ನೆ ಅಮ್ಮನಿಗೆ ಫೋನ್ ಮಾಡಿದ್ದೆ. ನಾನು ಏನಾದರೂ ಹೇಳುವ ಮೊದಲೇ ಅವಳು ಹೇಳಿದಳು: "ನಿನ್ನ ಮಾವ ಬೀದಿಯಲ್ಲೆಲ್ಲ ಸಾರಿಕೊಂಡು ಬಂದಿದಾನೆ, ಗೋಡೆ ಕಲ್ಲು ಬಂಡೆ ಥರ ಇದೆ, ಕಂಟ್ರಾಕ್ಟರ್ ಒಳ್ಳೆಯವನು, ಯಾರೂ ಹೆದರಬೇಡಿ ಅಂತ."

ನನ್ನ ಪತ್ರ ನಿಮಗೆ ತಲುಪಿಲ್ಲವೆ? ತಲುಪಿದ್ದರೆ ಇದು ಏನು?

ನೀವು ಹೇಳುತ್ತೀರಿ ಎಂದು ನಾನು ಅಮ್ಮನಿಗೆ ಏನೂ ಹೇಳಲಿಲ್ಲ. ಇನ್ನು ಒಂದು ವಾರ ನೋಡುತ್ತೇನೆ.

ಸಹಾಯಕ ಎಂಜಿನಿಯರ್, ಜಿಲ್ಲಾ ಪ್ರವಾಹ ನಿಯಂತ್ರಣ ಕಚೇರಿ


ಜೂನ್ 6

ಗುಬ್ಬಿಗೆ,

ಪತ್ರ ತಲುಪಿತ್ತು. ಅವತ್ತಿನಿಂದ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಓದಿದ ದಿನ ನಿನ್ನ ಮೇಲೆ ಸಿಟ್ಟು ಬಂತು. ನೀನು ಹುಟ್ಟಿದ ವರ್ಷ ನಾನು ಬ್ರಷ್ ಹಿಡಿದು ಹತ್ತು ವರ್ಷವಾಗಿತ್ತು, ನನಗೆ ಅಳತೆ ಹೇಳಿಕೊಡುತ್ತೀಯಾ ಎಂದುಕೊಂಡೆ. ಬೀದಿಯಲ್ಲಿ ಜನ "ಗೋಡೆ ಕತೆ ಏನಾಯ್ತು" ಎಂದು ಕೇಳಿದರು. ಬಾಯಿಂದ "ಬಂಡೆ ಥರ ಇದೆ" ಎಂದೇ ಬಂತು. ಒಂದು ಸಲ ಬಂದ ಮೇಲೆ ಮನೆ ಮನೆಗೂ ಅದೇ ಬಂತು.

ಆಮೇಲೆ ಬಂದ ನಿನ್ನ ಪತ್ರದ ಕೆಳಗೆ ಗುಬ್ಬಿ ಎಂದು ಇರಲಿಲ್ಲ. ಅವತ್ತೇ ಮಧ್ಯಾಹ್ನ ಸಲಿಕೆ ತೆಗೆದುಕೊಂಡು ಸೇತುವೆಯ ಕೆಳಗೆ ಇಳಿದೆ. ನೀನು ಹೇಳಿದ್ದು ಸುಳ್ಳೆಂದು ತೋರಿಸುವುದಕ್ಕೇ ಇಳಿದದ್ದು, ನಿನ್ನ ಹತ್ತಿರ ಮುಚ್ಚಿಡುವುದೇನು. ಕಂಬದ ಬುಡ ಅಗೆದೆ. ಅರ್ಧ ಅಡಿಗೆ ಒಂದು ಕೆಂಪು ಗೆರೆ. ಇನ್ನರ್ಧ ಅಡಿಗೆ ಇನ್ನೊಂದು. ಹೂಳಿನೊಳಗೆ ಬಿಸಿಲಿಲ್ಲ ನೋಡು, ಬಣ್ಣ ನಿನ್ನೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಮೂರು, ನಾಲ್ಕು, ಐದು. ತೊಡೆಯ ತನಕ ಗುಂಡಿಯಲ್ಲಿ ಇಳಿದಿದ್ದೆ. ಏಳನೆಯ ಗೆರೆ ಸಿಕ್ಕಾಗ ಕೈಯಿಂದ ಒರೆಸಿದೆ. ನಾನು ಮೊದಲ ವರ್ಷ ಎಳೆದದ್ದು, ಎಡತುದಿಯಲ್ಲಿ ಬ್ರಷ್ ಜಾರಿದ ಗುರುತೂ ಹಾಗೇ ಇದೆ. ಅಲ್ಲಿಂದ ಎದ್ದು ನಿಂತರೆ ಈಗಿನ ಗೆರೆ ನನ್ನ ಎದೆಯ ಹತ್ತಿರ ಇತ್ತು. ಮೇಲೆ ಹತ್ತಲು ದಾರಿಹೋಕರೊಬ್ಬರು ಕೈ ಕೊಡಬೇಕಾಯಿತು.

ಹಾಗೇ ಕೆಸರಿನಲ್ಲೇ ಅಕ್ಕನ ಹೊಲಿಗೆ ಶಾಲೆಗೆ ಹೋದೆ.

"ಅಕ್ಕ, ಒಂದು ವಿಷಯ ಹೇಳ್ಬೇಕು."

"ಕೇಳಿ ಹೇಳೋ ಅಭ್ಯಾಸ ನಿನಗೆ ಯಾವಾಗಿಂದ?"

ಎಲ್ಲವನ್ನೂ ಹೇಳಿದೆ. ಅವಳು ಹಿಡಿದ ಹೊಲಿಗೆಯನ್ನು ಕೊನೆಯ ತನಕ ಓಡಿಸಿ ದಾರ ಕತ್ತರಿಸಿದಳು.

"ಮಗೂನ ಕೆಲಸ ಹೋಗತ್ತಾ?"

"ಗೊತ್ತಿಲ್ಲ."

"ಈ ಕಾಗದಾನ ಮೂರು ವಾರ ಜೇಬಲ್ಲಿಟ್ಕೊಂಡು ಓಡಾಡಿದ್ಯಾ?"

"ಹೂಂ."

"ನೀನು ಬಂಡೆ ಅಂದ್ಯಲ್ಲ, ಅದನ್ನ ಕೇಳಿ ಹೋದ ವಾರ ಹನ್ನೊಂದು ಮೆಷಿನ್ನೂ ಮಹಡಿಯಿಂದ ಕೆಳಗಿಳಿಸಿದೀನಿ. ಹುಡುಗೀರಿಗೆ ಹತ್ತೋದು ಕಷ್ಟ ಅಂತ." ನಿನ್ನ ಅಮ್ಮ ನನ್ನನ್ನು ಬೈಯಲಿಲ್ಲ ಗುಬ್ಬಿ. ಅವಳು ಬೈಯದಿದ್ದದ್ದು ನನ್ನ ಆಯುಷ್ಯದಲ್ಲೇ ಇದು ಮೊದಲು.

ಅಲ್ಲಿಂದ ಮೇಸ್ತ್ರಿಯ ಹತ್ತಿರ ಹೋಗಿ ಗುಂಡನ್ನು ಕೈಗಿಟ್ಟೆ. "ಗೋಡೆ ಕುಳ್ಳ ಅಂದಿದ್ರಲ್ಲ," ಅಂದ. "ಗೋಡೆ ಸರಿಯಾಗಿದೆ ಮಾರಾಯ. ಕುಳ್ಳ ನಾನು," ಅಂದೆ. ಅವನು ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. ಮಟ್ಟ ನೋಡುವುದಕ್ಕೆ ನೀರು ತುಂಬಿದ ಉದ್ದನೆಯ ಪೈಪು ಇರುತ್ತದಲ್ಲ, ಅದನ್ನು ತಂದ. ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ನನ್ನ ಕಂಬದ ಹದಿಮೂರು, ಅಂದರೆ ನಿನ್ನ ಹದಿನಾರೂವರೆಯ ಮಟ್ಟವನ್ನು ಬೀದಿಗೆ ತಂದು, ಮನೆ ಮನೆಯ ಗೋಡೆಗೂ ನೀಲಿ ಗೆರೆ ಎಳೆದೆ. ಎರಡು ದಿನ ಹಿಡಿಯಿತು.

ಬಾಯಲ್ಲಿ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಗೆರೆಗೆ ಯಾರೂ ನಗಲಿಲ್ಲ. ಕ್ಷೌರದಂಗಡಿಯಲ್ಲಿ ಅದು ಕನ್ನಡಿಯ ನಟ್ಟನಡುವೆ ಬಂತು. ಕುರ್ಚಿಯಲ್ಲಿ ಕುಳಿತ ಗಿರಾಕಿ ತನ್ನ ತಲೆಯ ಮೇಲೆ ಗೆರೆ ನೋಡಿಕೊಂಡು ಸೋಪು ಬಳಿದ ಮುಖದಲ್ಲೇ ಎದ್ದು ನಿಂತ. ಒಂದು ಮನೆಯಲ್ಲಿ ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಗುರುತು ಮಾಡಿಟ್ಟಿದ್ದರು. ನನ್ನ ಗೆರೆ ಎಲ್ಲ ಗುರುತಿಗಿಂತ ಮೇಲೆ ಹೋಯಿತು. ಆ ತಾಯಿ ನನ್ನ ಕೈಯಲ್ಲಿದ್ದ ಬ್ರಷ್ಷನ್ನೇ ನೋಡುತ್ತ ನಿಂತಳು.

ವಾಚಿನವನು ಮಾತ್ರ ಎಳೆಯಲು ಬಿಡಲಿಲ್ಲ. "ಹೋದ ವಾರ ಇಲ್ಲೇ ಕೂತು ಗೋಡೆ ಬಂಡೆ ಅಂದೆ. ಈ ವಾರ ನನ್ನ ಕುತ್ತಿಗೆಗೆ ಗೆರೆ ಎಳೀತಿದೀಯ. ಯಾವ ನಿನ್ನನ್ನ ನಂಬಲಿ ಹೇಳು." ಅವನ ಅಂಗಡಿ ಬಿಟ್ಟು ಮುಂದೆ ಹೋದೆವು.

ಹೂಳಿನ ಯಂತ್ರ ಬಂದಿದೆ, ಮೂರು ದಿನ ಓಡಿ ನಿಂತಿದೆ.

ಮಾವ


ಜೂನ್ 25

ಗುಬ್ಬಿಗೆ,

ಸೋಮವಾರ ನೀರು ಬಂತು. ಎರಡು ದಿನದಿಂದ ಮೇಲಿನ ಗುಡ್ಡದಲ್ಲಿ ಮಳೆ ಕಪ್ಪಗೆ ನಿಂತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕಂಬದಲ್ಲಿ ಒಂಬತ್ತು ಅಡಿ, ಅಂದರೆ ನಿನ್ನ ಲೆಕ್ಕದಲ್ಲಿ ಹನ್ನೆರಡೂವರೆ. ಹತ್ತಕ್ಕೆ ಹತ್ತು. ಮೊದಲಾಗಿದ್ದರೆ ಚಹಾ ಕುಡಿದು ಬಂದು ಮತ್ತೆ ನೋಡೋಣ ಎನ್ನುತ್ತಿದ್ದೆ. ಓಡಿದೆ. ನಾನೂ ಮೇಸ್ತ್ರಿಯೂ ಬಾಗಿಲು ಬಡಿದೆವು, ನಿನ್ನ ಅಮ್ಮ ತನ್ನ ಹುಡುಗಿಯರನ್ನು ಒಂದೊಂದು ಮನೆಗೆ ಒಬ್ಬೊಬ್ಬರಂತೆ ಅಟ್ಟಿದಳು. ಗೆರೆ ನೋಡಿ ನೋಡಿ ಜನ ಗಂಟು ಕಟ್ಟಿಟ್ಟಿದ್ದರು, ಎರಡನೇ ಮಾತು ಆಡಲಿಲ್ಲ. ಎಲ್ಲರನ್ನೂ ಅವಳ ಹೊಲಿಗೆ ಶಾಲೆಯ ಮಹಡಿಗೆ ಹತ್ತಿಸಿ ಮೆಟ್ಟಿಲಲ್ಲಿ ನಿಂತು ಎಣಿಸಿದೆ. ನೂರ ಅರವತ್ತೊಂದು.

ಒಂದು ಗಂಟೆಗೆ ನೀರು ಗೋಡೆಯ ತಲೆ ಮುಟ್ಟಿತು. ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ. ಗೋಡೆ ಇಲ್ಲದಿದ್ದಾಗ ನೀರು ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿತ್ತು. ಚಾಪೆ ಎತ್ತಿಡಲು, ಕೋಳಿ ಹಿಡಿದುಕೊಳ್ಳಲು ಹೊತ್ತು ಕೊಡುತ್ತಿತ್ತು. ಈ ಸಲ ಗೋಡೆಯ ಉದ್ದಕ್ಕೂ ಒಂದೇ ಸಲ ಮಗುಚಿತು. ಕಾಲು ಗಂಟೆಯಲ್ಲಿ ಬೀದಿ ಇರಲಿಲ್ಲ. ಸಂಜೆ ಹಳ್ಳ ಇಳಿಯಿತು, ಬೀದಿಯ ನೀರು ಇಳಿಯಲಿಲ್ಲ. ಒಳಗೆ ಬಂದದ್ದಕ್ಕೆ ಹೊರಗೆ ದಾರಿ ಎಲ್ಲಿ? ನೀರನ್ನು ಹೊರಗೆ ತಡೆಯಲು ಕಟ್ಟಿದ ಗೋಡೆ ಎರಡು ದಿನ ಅದನ್ನು ಒಳಗೆ ಹಿಡಿದಿಟ್ಟಿತು. ಕೊನೆಗೆ ಮೇಸ್ತ್ರಿಯೇ ಸುತ್ತಿಗೆ ತಂದು ತಾನು ಕಟ್ಟಿದ್ದನ್ನು ಒಡೆದ.

ನೀರು ನನ್ನ ನೀಲಿ ಗೆರೆಗಿಂತ ನಾಲ್ಕು ಬೆರಳು ಕೆಳಗೆ ನಿಂತಿತ್ತು. ನಿನ್ನ ಲೆಕ್ಕ ಸರಿ.

ಎಲ್ಲರೂ ಕ್ಷೇಮ.

ಮಾವ


ಜುಲೈ 2

ಮಾವ,

ಅಮ್ಮ ಎಲ್ಲ ಹೇಳಿದಳು. ನೀವು ನೂರ ಅರವತ್ತೊಂದು ಎಂದು ಎಣಿಸಿ ಬರೆದಿರಿ. ನೂರ ಅರವತ್ತೆರಡನೆಯವರ ಬಗ್ಗೆ ಬರೆಯಲಿಲ್ಲ. ವಾಚಿನವರು ಅಂಗಡಿಯ ಷಟರ್ ಒಳಗಿನಿಂದ ಎಳೆದುಕೊಂಡು ಕುಳಿತಿದ್ದರಂತೆ. ಗೋಡೆ ಒಡೆದ ಮೇಲೆ ಷಟರ್ ಎತ್ತಿದವರು ನೀವೇ ಅಂತೆ.

ನಿಮ್ಮನ್ನು ನಾನು ಏನೂ ಕೇಳುವುದಿಲ್ಲ. ಯಾಕೆಂದರೆ ನಾನೂ ಒಂದನ್ನು ಬರೆದಿಲ್ಲ.

ನಾನು ನಕ್ಷೆ ಶುರುಮಾಡುವ ಮೊದಲು ನಮ್ಮ ಹಳ್ಳದ ಫೈಲಿನಲ್ಲಿ ಒಂದು ಚೀಟಿ ಇತ್ತು. ಆ ಹಿರಿಯ ಸರ್ವೇಯರ್ ಬರೆದದ್ದು. "ಈ ಹಳ್ಳದ ಅಂಕಿಗಳು ಇಪ್ಪತ್ತು ವರ್ಷ ಒಂದೇ ಥರ ಇವೆ. ಅನುಮಾನ. ಸ್ಥಳಕ್ಕೆ ಹೋಗಿ ಕಂಬ ನೋಡಬೇಕು." ನಾನು ಹೋಗಿದ್ದರೆ ಅರ್ಧ ದಿನದ ಕೆಲಸ. ಹೋದರೆ ನೀವು ನೊಂದುಕೊಳ್ಳುತ್ತೀರಿ, ಮಾವನನ್ನೇ ಪರೀಕ್ಷೆ ಮಾಡಲು ಬಂದಳು ಎನ್ನುತ್ತೀರಿ ಎಂದುಕೊಂಡೆ. ಆ ಚೀಟಿಯ ಕೆಳಗೆ ನನ್ನ ಕೈಯಾರೆ ಬರೆದೆ: "ಅಂಕಿ ಓದುವವರು ನನಗೆ ಖುದ್ದಾಗಿ ಗೊತ್ತು. ನಂಬಬಹುದು." ಸಹಿ ಹಾಕಿದೆ.

ಎಂಟನೇ ತಾರೀಖು ವಿಚಾರಣೆ. ಒಬ್ಬ ಬೋರ್ಡು ಬರೆಯುವವನ ತಿಳಿಗೇಡಿತನ, ಉಳಿದ ಹನ್ನೊಂದು ಹಳ್ಳದ ಅಂಕಿಗಳು ಸರಿಯಾಗಿವೆ, ಅಲ್ಲಿನ ಗೋಡೆ ಕೆಲಸ ನಿಲ್ಲಿಸಬೇಕಾಗಿಲ್ಲ ಎಂದು ಮೇಲಧಿಕಾರಿಗಳು ಈಗಾಗಲೇ ಟಿಪ್ಪಣಿ ಬರೆಸಿದ್ದಾರೆ. ನಾನು ಆ ಚೀಟಿಯನ್ನು ಅವರ ಮುಂದೆ ಇಡುತ್ತೇನೆ. ಆಮೇಲೆ ಈ ಕಚೇರಿಯಿಂದ ನಿಮಗೆ ಪತ್ರ ಬರುವುದಿಲ್ಲ ಅನಿಸುತ್ತದೆ.

ಗುಬ್ಬಿ


ಜುಲೈ 8, ಬೆಳಿಗ್ಗೆ

ಗುಬ್ಬಿಗೆ,

ಷಟರ್ ಎತ್ತಿದವನು ನಾನೇ. ಅವನು ಗಡಿಯಾರಗಳನ್ನೆಲ್ಲ ಒಂದೊಂದಾಗಿ ಮೇಲಿನ ಹಲಗೆಗೆ ಏರಿಸಿಟ್ಟಿದ್ದ. ತಾನು ಹತ್ತಲು ಹಲಗೆಯಲ್ಲಿ ಜಾಗ ಉಳಿದಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ನಿನ್ನ ಪತ್ರದಲ್ಲಿ ಆ ಚೀಟಿಯ ಸಾಲಿನ ಹತ್ತಿರ ನಾನು ಬಹಳ ಹೊತ್ತು ನಿಂತೆ. ಆದರೆ ನನ್ನನ್ನು ನಡುಗಿಸಿದ್ದು ಅದರ ಮುಂದಿನದು. ಉಳಿದ ಹನ್ನೊಂದು ಹಳ್ಳದ ಅಂಕಿಗಳು ಸರಿಯಾಗಿವೆ ಎಂದು ಬರೆದೆಯಲ್ಲ, ಅದು.

ಒಂಬತ್ತು ವರ್ಷದ ಹಿಂದೆ ನಿಮ್ಮ ಕಚೇರಿಯವರು ಎಲ್ಲ ಹಳ್ಳಗಳ ಅಂಕಿ ಓದುವವರನ್ನು ಕರೆಸಿ ಎರಡು ದಿನ ತರಬೇತಿ ಕೊಟ್ಟರು. ಸಾಹೇಬರ ಪಾಠಕ್ಕೆ ಅರ್ಧ ಜನ ತೂಕಡಿಸಿದರು. ಊಟದ ಹೊತ್ತಿನಲ್ಲಿ ನಾನು ಜಗಲಿಯ ಮೇಲೆ ನಿಂತು ನನ್ನ ವಿಧಾನ ಹೇಳಿದೆ, ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದೆ. ಒಬ್ಬರೂ ತೂಕಡಿಸಲಿಲ್ಲ. ಐದು ಜನ ಬರೆದುಕೊಂಡರು, ಕೈಕುಲುಕಿದರು. ಇದನ್ನು ನಿನಗೆ ಸಮಯ ನೋಡಿ ಹೇಳಿ ಮೆಚ್ಚಿಸಬೇಕೆಂದಿದ್ದೆ. ನಿನ್ನ ಮೇ ತಿಂಗಳ ಪತ್ರ ಓದಿದ ಮೇಲೆ ಹೇಳಲು ಭಯವಾಯಿತು.

ನಿನ್ನೆ ಬಸ್ಸು ಹತ್ತಿದೆ, ಸಲಿಕೆಯ ಜೊತೆ. ಮೊದಲ ಸೇತುವೆಯಲ್ಲಿ ಅಗೆದೆ, ಎರಡು ಅಡಿ ಏರಿಸಿದ್ದಾರೆ. ಇಂದು ಬೆಳಿಗ್ಗೆ ಎರಡನೆಯದು. ಇಲ್ಲಿ ಅಂಕಿ ಓದುವವಳು ನಿವೃತ್ತಿಯಾದ ನರ್ಸಮ್ಮ. ತಾನೇ ದೀಪದ ಕಂಬದಂತೆ ನೆಟ್ಟಗೆ ನಿಂತು ಅಗೆಯುವುದನ್ನು ನೋಡಿದಳು. ಎರಡೂಮುಕ್ಕಾಲು ಅಡಿ.

"ನೀವೇ ಹೇಳಿಕೊಟ್ರಲ್ಲ ಅಣ್ಣ, ಬುಡ ನೆಲಕ್ಕೆ ತಾಗಿರಬೇಕು ಅಂತ. ಒಂದು ವರ್ಷಾನೂ ತಪ್ಪಿಸಿಲ್ಲ ನಾನು," ಅಂದಳು. ಹೊಗಳುತ್ತಾನೆಂದು ಕಾದು ನಿಂತಿದ್ದಳು. ವಿಷಯ ಹೇಳಿದೆ. ಅವಳು ಗುಂಡಿಗೆ ಬಗ್ಗಿ ತನ್ನ ಹಳೆಯ ಗೆರೆಯನ್ನು ಬೆರಳಿಂದ ಮುಟ್ಟಿ ನೋಡಿದಳು.

ಇಲ್ಲಿ ಗೋಡೆ ಇನ್ನೂ ಎದ್ದಿಲ್ಲ. ಪಾಯ ಅಗೆದಿದ್ದಾರೆ, ಇಂದು ಕಾಂಕ್ರೀಟು ಸುರಿಯುತ್ತಾರಂತೆ. ಪಾಯ ಒಮ್ಮೆ ತುಂಬಿದರೆ ಆಮೇಲೆ ಗೋಡೆ ಎತ್ತರಿಸಲು ಬರುವುದಿಲ್ಲ ಎಂದು ನೀನೇ ಬರೆದಿದ್ದೆ. ಗೋಡೆಯ ಹಿಂದೆ ಎಪ್ಪತ್ತು ಮನೆಗಳಿವೆ. ನರ್ಸಮ್ಮ ನಿಮ್ಮ ಕಚೇರಿಗೆ ಫೋನ್ ಮಾಡಿದಳು. ನೀನು ವಿಚಾರಣೆಯ ಕೋಣೆಯೊಳಗೆ ಇದ್ದೀಯಂತೆ. ಗುಮಾಸ್ತ "ಲಿಖಿತವಾಗಿ ಕೊಡಿ" ಅಂದನಂತೆ. ಅದಕ್ಕೇ ಅವಳ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಹತ್ತೂವರೆಯ ಬಸ್ಸಿನಲ್ಲಿ ಅವಳೇ ತಂದು ನಿನ್ನ ಕೈಗೆ ಕೊಡುತ್ತಾಳೆ. ಕೋಣೆಯ ಬಾಗಿಲು ಹಾಕಿದ್ದರೆ ತಟ್ಟುತ್ತಾಳೆ, ತಟ್ಟುವುದು ಅವಳಿಗೆ ಗೊತ್ತು.

ಈ ಕಾಗದವನ್ನು ನಿನ್ನ ಚೀಟಿಯ ಪಕ್ಕದಲ್ಲಿ ಇಡು. ಉಳಿದ ಮೂವರ ಊರುಗಳನ್ನು ಹಿಂದೆ ಬರೆದಿದ್ದೇನೆ. ತಿಳಿಗೇಡಿ ಎಂದು ಅವರು ಬರೆದುಕೊಂಡರೆ ಬರೆದುಕೊಳ್ಳಲಿ, ಕೆಲಸ ನಿಲ್ಲಿಸಲಿ.

ಕಾಂಕ್ರೀಟಿನ ಲಾರಿ ಬಂದು ಅಂಚಿಗೆ ನಿಂತಿದೆ. ಮೇಲ್ವಿಚಾರಕ ಮೊದಲು "ಏಳಿ ಯಜಮಾನ್ರೇ" ಅಂದ, ಆಮೇಲೆ "ಏಳಯ್ಯಾ" ಅಂದ, ಈಗ ಪೊಲೀಸರಿಗೆ ಹೇಳಿ ಕಳಿಸಿದ್ದಾನೆ. ನಾನು ಪಾಯದೊಳಗೆ ಇಳಿದು, ಕಬ್ಬಿಣದ ಸರಳುಗಳ ನಡುವೆ ಕುಳಿತು ಬರೆಯುತ್ತಿದ್ದೇನೆ. ಲಾರಿಯವನು ಎಂಜಿನ್ ಆರಿಸಿಲ್ಲ. ನಾನು ಎದ್ದಿಲ್ಲ.

ಮಾವ